ಹಾವಿಗೆ ಬಂದ ಅಯ್ನೋರು

ಯರಗುಪ್ಪಿ
೩ ನವೆಂಬರ್ ೨೦೨೪

ಅಕ್ಕಾ ಗೌರಕ್ಕ,

ನಿನಗೂ ಭಾವನಿಗೂ ಶರಣು. ನಿನ್ನ ಮಗಳ ಲಗ್ನಪತ್ರಿಕೆ ಬಂದು ಬಹಳ ದಿನವಾಯಿತು. ಉತ್ತರಕ್ಕೆ ತಡಮಾಡಿದೆ, ಸಿಟ್ಟಾಗಬೇಡ. ಫೋನ್ ಮಾಡಬಹುದಿತ್ತು. ಆದರೆ ನಾನು ನನ್ನ ಅಮೃತಾಳ ಹೆಸರೆತ್ತಿದ ಕೂಡಲೇ ನೀನು "ಹಲೋ, ಹಲೋ, ಕೇಳಸವಲ್ದು" ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಆ ತೊಂದರೆ ಇಲ್ಲ.

ಇಲ್ಲಿ ಕಡಲೆ ಬಿತ್ತಿದ್ದಾಯಿತು. ನಮ್ಮ ಮನೆಯವರು ಹೊಲಕ್ಕೆ ಹೋಗುತ್ತಾರೆ, ಬರುತ್ತಾರೆ, ಉಣ್ಣುತ್ತಾರೆ. ಸಣ್ಣವಳು ಶಿವಾನಿ ಏಳನೆಯ ತರಗತಿಗೆ ಹೋಗುತ್ತಿದ್ದಾಳೆ.

ಪತ್ರಿಕೆ ಕೊಡಲು ಬಂದಾಗ ಭಾವ ಹೇಳಿದರು: "ಮಲ್ಲವ್ವಾ, ಮದುವಿಗೆ ಬಾ. ಖರೆ ಅದೊಂದ ಮಾತಿಗೆ ಬಾಯಿ ಬಿಡಬ್ಯಾಡ. ಬೀಗರಿಗೂ ಹಾವು ಅಂತನ ಹೇಳೇವಿ."

ಹಾವಂತೆ! ನನ್ನ ಹದಿನೇಳರ ಮಗಳು ಅಮೃತಾ ತಾನೇ ಜೀವ ಕಳೆದುಕೊಂಡಳು. ಪಿಯುಸಿಯಲ್ಲಿ ನಪಾಸಾದ ಮರುದಿನ. ಅಷ್ಟಕ್ಕೇ ಹೋದಳೋ, ಒಳಗೆ ಇನ್ನೇನಿತ್ತೋ, ಹೆತ್ತ ನನಗೂ ತಿಳಿಯದು. ನಾನು ಬಾಯಿಬಿಟ್ಟು ಅಳುವ ಮೊದಲೇ ಭಾವ ಬಾಗಿಲಲ್ಲಿ ನಿಂತು, "ಹೊಲದಾಗ ಹಾವು ಕಚ್ಚೇತ್ರಿ" ಎಂದು ಊರಿಗೆ ಹೇಳಿಯಾಗಿತ್ತು. ನಿನ್ನ ಮಗಳ ನಿಶ್ಚಯ ಮುರಿಯಬಾರದಲ್ಲ! ಅಂತ್ಯಸಂಸ್ಕಾರಕ್ಕೆ ಅಯ್ನೋರು ಬಂದರೆ ಕಚ್ಚಿದ ಗುರುತು ಕೇಳಿಯಾರೆಂದು ಅವರನ್ನೂ ಕಾಯದೆ ಮಣ್ಣು ಮಾಡಿಬಿಟ್ಟರು. ತಲೆಯ ಮೇಲೆ ಅಯ್ನೋರು ಇಡುವ ಗುರುಪಾದವಿಲ್ಲದೆ ಹೋಯಿತು ನನ್ನ ಕೂಸು.

ಆಮೇಲಿನ ಚೆಂದ ನೀನು ನೋಡಲಿಲ್ಲ, ಅಷ್ಟರಲ್ಲಿ ನಿಮ್ಮೂರು ಕಲಘಟಗಿಯ ಬಸ್ಸು ಹತ್ತಿದ್ದೆ. ಭಾವನ ಮಾತು ನಂಬಿದ ಓಣಿಯ ಹುಡುಗರು ನಮ್ಮ ಬದುವಿನಲ್ಲಿ ಒಂದು ನಾಗರಹಾವನ್ನು ಬಡಿದು ಹಾಕಿದರು. ಇನ್ನೂ ಇಲ್ಲೇ ಇದ್ದ ಭಾವ ಬಗ್ಗಿ ನೋಡಿ, "ಹೌದು, ಇದ!" ಎಂದರು. ಆಗ ನಮ್ಮ ಅತ್ತೆಗೆ ನಾಗದೋಷದ ಅಂಜಿಕೆ. ಅದೇ ಅಯ್ನೋರನ್ನು ಕರೆಸಿದರು. ಹಾವಿಗೆ ಬಿಳಿ ಅರಿವೆ, ಬಾಯಿಗೆ ಹಾಲುತುಪ್ಪ, ಮಂತ್ರ, ಎಲ್ಲ ಸಾವಕಾಶ. "ಕೈ ಮುಗಿ ಮಲ್ಲವ್ವಾ, ತಪ್ಪಾತು ಅನ್ನು" ಎಂದರು ಅತ್ತೆ. ಮುಗಿದೆ, ಅಕ್ಕಾ. ಅಂದೆ. ಮನೆಗೆ ಬಂದು ಗೋಡೆಗೆ ಹಣೆ ಚಚ್ಚಿಕೊಂಡೆ. ಭಾವ ಹೊರಗೆ ಚಹಾ ಕುಡಿಯುತ್ತಿದ್ದರು.

ಮದುವೆಗೆ ಬರುತ್ತೇನೆ, ಅಕ್ಷತೆ ಹಾಕುತ್ತೇನೆ. ನಿನ್ನ ಮಗಳು ಮಕ್ಕಳು ಮೊಮ್ಮಕ್ಕಳನ್ನು ಕಂಡು ತಣ್ಣಗೆ ಬಾಳಲಿ. ಇದು ಹೊಟ್ಟೆಯೊಳಗಿನ ಮಾತು, ಅವಳದೇನು ತಪ್ಪು? ಭಾವನ ಮಾತಿಗೆ ಮಾತ್ರ ನಾನು ಹೂಂ ಅಂದಿಲ್ಲ.

ನಿನ್ನ ಬೆನ್ನಿಗೆ ಬಿದ್ದ ತಂಗಿ,
ಮಲ್ಲವ್ವ

ತಾ.ಕ.: ಮೊನ್ನೆ ಶಿವಾನಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದವು. ಸಾಲೆಯಿಂದ ಬಂದವಳು ಮೂಲೆ ಹಿಡಿದು ಕೂತಳು. ಉಣ್ಣಲು ಕರೆದರೆ, "ಅವ್ವಾ, ನಾನೂ ನಪಾಸಾದ್ರ ನನಗೂ ಹಾವು ಕಚ್ಚತೈತೇನ?" ಎಂದಳು. ತೊಡೆಯ ಮೇಲೆ ಕೂರಿಸಿಕೊಂಡು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಅವಳು ಅತ್ತಳು, ನಾನೂ ಅತ್ತೆ. ಈಗ ಅಕ್ಕನ ಬಗ್ಗೆ ಯಾರು ಕೇಳಿದರೂ ಖರೇನೇ ಹೇಳುತ್ತಾಳೆ. ಮದುವೆಗೆ ಅವಳನ್ನೂ ಕರೆತರುತ್ತೇನೆ. ಬಾಯಿ ಮುಚ್ಚು ಎಂದು ಆ ಕೂಸಿಗೆ ಭಾವನೇ ಹೇಳಲಿ.