ಅಳಿಸಿದ ಹಿಂಬದಿ

ನವೆಂಬರ್ 12, ಬುಧವಾರ. ಶಿವಮೊಗ್ಗ.

ಆ ಮೆಸೇಜು ಕಳಿಸಬಾರದಿತ್ತು. ಬಬಲ್‌ಗಮ್ ಜೊತೆ ಬರುತ್ತಿದ್ದ ಹಳೆಯ ಕ್ರಿಕೆಟ್ ಕಾರ್ಡುಗಳನ್ನು ಆನ್‌ಲೈನ್‌ನಲ್ಲಿ ಯಾರು ಮಾರಲು ಹಾಕಿದರೂ ನಾನು ಬರೆಯುವುದು ಒಂದೇ: ಹಿಂಬದಿ ಕೈಬರಹವಿದ್ದರೆ ರೇಟು ಕಮ್ಮಿ. ಭದ್ರಾವತಿಯ ರಕ್ಷಾಗೂ ಅದನ್ನೇ ಬರೆದಿದ್ದೆ. ಆ ಕಾರ್ಡುಗಳು ತೀರಿಕೊಂಡ ಅವಳ ತಮ್ಮ ಲೋಹಿತನವು ಎಂದು ಗೊತ್ತಾದದ್ದು ಇವತ್ತು, ತರಲು ಅವರ ಮನೆಗೆ ಹೋದಾಗ.

"ಪೆನ್ಸಿಲ್ ಗುರುತೆಲ್ಲ ರಬ್ಬರಲ್ಲಿ ಅಳಿಸಿದ್ದೀನಿ ಸರ್, ನೀಟಾಗಿದೆ," ಅಂದಳು.

ಅವಳ ಅಮ್ಮ ಕೊನೆಯ ಸಲ ನೋಡುತ್ತೇನೆಂದು ಒಂದು ಕಾರ್ಡು ತೆಗೆದುಕೊಂಡರು. ಆಟಗಾರನ ಮುಖ ನೋಡಲೇ ಇಲ್ಲ, ನೇರ ಹಿಂದೆ ತಿರುಗಿಸಿದರು. "ಇಲ್ಲಿ ಅವ್ನು ಬರ್ದಿದ್ದ ಕಣೇ, ಎಲ್ಲೋಯ್ತು?"

ರಕ್ಷಾ ಆ ಕಾರ್ಡನ್ನು ಅವರ ಕೈಯಿಂದ ತೆಗೆದು ಉಳಿದವುಗಳ ಜೊತೆ ಸೇರಿಸಿದಳು. ನಾನು ದುಡ್ಡು ಕೊಟ್ಟು, ಕಳ್ಳನ ಹಾಗೆ ಬಸ್ಸು ಹತ್ತಿದೆ.

ಈಗ ಅದೇ ಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದಿದ್ದೇನೆ. ಪೆನ್ಸಿಲಿನ ಕಪ್ಪು ಹೋಗಿದೆ, ಒತ್ತಿ ಬರೆದ ಗೆರೆ ಹೋಗಿಲ್ಲ. 'ಲೋಹಿತ್, ಐದನೇ ಕ್ಲಾಸ್. ಅಕ್ಕ ಮುಟ್ಟಬಾರದು.' ನಮ್ಮ ವ್ಯಾಪಾರದಲ್ಲಿ ಇದಕ್ಕೂ ಡ್ಯಾಮೇಜ್ ಅನ್ನುತ್ತೇವೆ.

ನಾಳೆ ಎಲ್ಲ ವಾಪಸ್ ಕೊಟ್ಟುಬರಬೇಕು. ಬೆಳಕಿಗೆ ಹೀಗೆ ಓರೆ ಹಿಡಿಯುವುದನ್ನು ಆ ತಾಯಿಗೆ ತೋರಿಸಬಹುದು. ಆದರೆ ಪಕ್ಕದಲ್ಲೇ ರಕ್ಷಾ ನಿಂತಿರುವಾಗ ಆ ಎರಡನೇ ಸಾಲನ್ನು ಹೇಗೆ ತೋರಿಸಲಿ?