ತೆರೆದ ನಾಳದ ಆಚೆ

ಆರ್ಹುಸ್
14 ಸೆಪ್ಟೆಂಬರ್

ಪ್ರೀತಿಯ ಇಂಗುನ್,

ನಿನ್ನ ಕಾಗದ ಬಂದಾಗ ಇಲ್ಲಿ ಸ್ಟ್ರಾಬೆರಿ ಕಾಲ. ಈಗ ಸೇಬು ಉದುರುತ್ತಿವೆ. ತಡಮಾಡಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ, ಮರೆತಳು ಎಂದು ಮಾತ್ರ ಅನ್ನಬೇಡ. ನಿನ್ನ ಮಂಡಿಯ ಆಪರೇಷನ್ ಸುಸೂತ್ರವಾಯಿತೆಂದು ಓದಿ ಸಮಾಧಾನವಾಯಿತು. ಬೆರ್ಗೆನ್ನಿನ ಆ ಏರುಬೀದಿಗಳಲ್ಲಿ ಈಗಲೇ ಓಡಾಡಲು ಹೊರಡಬೇಡ. ಡಾಕ್ಟರುಗಳು ಯಾರ ಮಾತನ್ನೂ ಕೇಳುವುದಿಲ್ಲ, ನೀನಂತೂ ಮೊದಲೇ ಕೇಳುವವಳಲ್ಲ.

ಬರೆಯಲಾಗದೆ ಹೋದದ್ದು ಆಸ್ಗರ್‌ನಿಂದ. ನನ್ನ ತಮ್ಮ ನಿನಗೆ ನೆನಪಿರಬೇಕು. ನಾವು ಓದುತ್ತಿದ್ದಾಗ ಹಾಸ್ಟೆಲಿಗೆ ಬಂದು ನಿನ್ನ ಸೈಕಲ್ ರಿಪೇರಿ ಮಾಡಿ, ಅದನ್ನೇ ಹತ್ತಿಕೊಂಡು ಊರಿಗೆ ಹೋಗಿಬಿಟ್ಟಿದ್ದನಲ್ಲ, ಅವನೇ. ಹೆಲ್ಗೆನೆಸ್ ಕಡೆಯ ಹಳೆಯ ಮನೆಗಳಿಗೆ ಜೊಂಡುಹುಲ್ಲಿನ ಮಾಡು ಹೊದಿಸುವ ಕೆಲಸ ಅವನದು. ಜೂನ್ ಕೊನೆಯಲ್ಲಿ ಮಾಡಿನ ಮೇಲೆ ಕೂತಿದ್ದಾಗಲೇ ಎದೆ ಹಿಡಿದುಕೊಂಡಿತು. ಹುಲ್ಲಿನ ಕಟ್ಟು ಎತ್ತಿ ಎತ್ತಿ ಹೀಗಾಗಿರಬೇಕೆಂದು ತಾನೇ ಏಣಿ ಇಳಿದು, ಕಾಫಿ ಕುಡಿದು, ಬೆಳಗಿನ ಹೊತ್ತೆಲ್ಲ ಕಳೆದನಂತೆ. ಬೆವರು ನಿಲ್ಲದಾದಾಗ ಹೆಂಡತಿ ವಿಬೆಕೆ ಆಂಬುಲೆನ್ಸ್ ಕರೆಸಿದಳು.

ನಾನಿರುವ ಆಸ್ಪತ್ರೆಗೇ ತಂದರು. ನನ್ನ ಜೊತೆ ಕೆಲಸ ಮಾಡುವ ಲಾವ್ರಿಟ್ಸ್ ಹೃದಯದ ಮುಚ್ಚಿದ್ದ ನಾಳ ತೆರೆದ. ಸ್ಟೆಂಟ್ ಸರಿಯಾಗಿ ಕೂತಿತು, ಪರದೆಯ ಮೇಲೆ ರಕ್ತ ಚೆನ್ನಾಗಿಯೇ ಹರಿಯಿತು. ನರ್ಸುಗಳು ನನ್ನ ಕಡೆ ನೋಡಿ ನಕ್ಕರು.

ನೀನು ಕಣ್ಣಿನ ಡಾಕ್ಟರು, ಮರೆತಿರಬಹುದೆಂದು ಬರೆಯುತ್ತೇನೆ. ದೊಡ್ಡ ನಾಳ ತೆರೆದ ಮೇಲೂ ಕೆಲವರಲ್ಲಿ ಹೃದಯದ ಸ್ನಾಯುವಿನೊಳಗಿನ ಕೂದಲಿಗಿಂತ ಸಪೂರದ ನಾಳಗಳು ಮುಚ್ಚಿಯೇ ಉಳಿಯುತ್ತವೆ. ನೀರು ಕಾಲುವೆಗೆ ಬಂದರೂ ಹೊಲಕ್ಕಿಳಿಯದ ಹಾಗೆ. ಮುಂದೆ ಆ ಹೃದಯ ಮೆಲ್ಲಮೆಲ್ಲನೆ ಸೋಲುತ್ತದೆ. ಸ್ಕ್ಯಾನ್‌ನಲ್ಲಿ ಇದು ಕಾಣಬೇಕಾದರೆ ಕೆಲವು ದಿನ ಕಾಯಬೇಕು. ರೋಗಿ ಮೇಜಿನ ಮೇಲಿರುವಾಗಲೇ ನಾಳದೊಳಗೆ ಸಣ್ಣ ತಂತಿ ಇಳಿಸಿ ಅಳೆದು, ಯಾರಿಗೆ ಹೀಗಾಗುತ್ತದೆಂದು ಅಂದೇ ಹೇಳುವುದು ನಮ್ಮ ಕೆಲಸ. ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಇದನ್ನೇ.

ಲಾವ್ರಿಟ್ಸ್ ಆ ತಂತಿಯನ್ನು ಕೈಗೆತ್ತಿಕೊಂಡು ನನ್ನನ್ನು ನೋಡಿದ. "ಗ್ರೇತೆ, ನೀನು ಹೊರಗೆ ಹೋಗು. ಇದನ್ನ ನಾನೊಬ್ಬನೇ ನೋಡ್ತೀನಿ" ಎಂದ. ನಾನು ಹೋಗಲಿಲ್ಲ. ಸಣ್ಣ ನಾಳಗಳ ತಡೆಯ ಅಂಕಿ ಇರಬೇಕಾದದ್ದರ ಎರಡು ಪಟ್ಟಿತ್ತು. ನನ್ನ ವಿದ್ಯೆ ಸುಳ್ಳಾಗಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಆ ವಾರದ ಸ್ಕ್ಯಾನ್‌ನಲ್ಲಿ, ಬೆಳ್ಳಗಿನ ಗಾಯದ ನಡುವೆ ರಕ್ತವೇ ತಲುಪದ ಕಪ್ಪು ಮಚ್ಚೆ, ನಾವು ಹೇಳಿದ ಜಾಗದಲ್ಲೇ ಇತ್ತು. ಲಾವ್ರಿಟ್ಸ್ ನನಗೊಂದು ಕುರ್ಚಿ ಎಳೆದುಕೊಟ್ಟ.

ಆಸ್ಗರ್‌ಗೂ ವಿಬೆಕೆಗೂ ಅವನೇ ಎಲ್ಲ ವಿವರಿಸಿದ. ಆಸ್ಗರ್ ಅರ್ಧಕ್ಕೇ ತಡೆದು, ಅಂಕಿಯೆಲ್ಲ ತನಗೆ ಬೇಡ, ಏಣಿ ಹತ್ತಬಹುದು ಎನ್ನುವ ದಿನ ಹೇಳಿದರೆ ಸಾಕೆಂದನಂತೆ.

ಮನೆಗೆ ಹೋದವನು ಮೊದಲ ವಾರಗಳಲ್ಲಿ ಗೆಲುವಾಗಿಯೇ ಇದ್ದ. ರೈ ಬ್ರೆಡ್ಡಿನ ಮೇಲೆ ಉಪ್ಪಿನ ಹೆರಿಂಗ್ ಮೀನು ಇಟ್ಟುಕೊಳ್ಳಲು ಹೋಗಿ ಹೆಂಡತಿಯ ಕೈಲಿ ಬೈಸಿಕೊಂಡ. ಒಂದು ಶನಿವಾರ ವಿಬೆಕೆ ಆಲೂಗಡ್ಡೆ ಸುಲಿಯುತ್ತ, ತಲೆಯೆತ್ತದೆ, ಮುಚ್ಚಿಹೋದ ಆ ನಾಳಗಳಿಗೆ ಔಷಧಿ ಯಾವುದೆಂದು ಕೇಳಿದಳು. ಹೃದಯಕ್ಕೆ ಆಸರೆಯಾಗುವ ಮಾತ್ರೆಗಳು ಇವೆ, ಅವನ್ನು ಕೊಡುತ್ತಿದ್ದೇವೆ, ಆದರೆ ಆ ನಾಳಗಳನ್ನು ಮತ್ತೆ ತೆರೆಯುವಂಥದ್ದು ಇಲ್ಲ, ಏನೇನೋ ಪ್ರಯತ್ನಿಸಿದರು, ಯಾವುದೂ ಹಿಡಿಯಲಿಲ್ಲ ಎಂದೆ.

"ಹಂಗಾದ್ರೆ ಮೊದಲೇ ತಿಳ್ಕೊಂಡು ಏನ್ ಮಾಡ್ತೀರ, ಅತ್ತಿಗೆ?"

ಕೋಪವಿರಲಿಲ್ಲ, ನಿಜಕ್ಕೂ ಕೇಳಿದಳು. ಇಂಥ ಪ್ರಶ್ನೆಗೆ ಸಭೆಗಳಲ್ಲಿ ನಾನು ಚೆನ್ನಾಗಿ ಉತ್ತರ ಕೊಡುತ್ತೇನೆ: ಒಂದು ದಿನ ಔಷಧಿ ಬರುತ್ತದೆ, ಆಗ ಯಾರಿಗೆ ಕೊಡಬೇಕೆಂದು ಗೊತ್ತಿರಬೇಕು ಎಂದು. ಅದು ಸುಳ್ಳಲ್ಲ. ಆದರೆ ಅವಳ ಅಡುಗೆಮನೆಯಲ್ಲಿ ಒಂದು ಚಾಕು ತೆಗೆದುಕೊಂಡು ನಾನೂ ಸುಲಿಯತೊಡಗಿದೆ.

ಆಗಸ್ಟಿನಲ್ಲಿ ಅವನ ಕಾಲು ಊದಿತು. ಈಗ ಬಾವಿಯ ತನಕ ಹೋಗಿ ಬಂದರೆ ನಿಂತು ಉಸಿರು ತೆಗೆದುಕೊಳ್ಳುತ್ತಾನೆ. ಅರ್ಧಕ್ಕೆ ನಿಂತಿದ್ದ ಮಾಡನ್ನು ಅವನ ಆಳುಗಳೇ ಮುಗಿಸಿದರು. ಇವನು ಕೆಳಗೆ ಕುರ್ಚಿ ಹಾಕಿಕೊಂಡು, ಕುರಿಗಳು ಹೊದಿಸಿದರೂ ಇದಕ್ಕಿಂತ ನೆಟ್ಟಗಿರುತ್ತಿತ್ತು ಎಂದು ಅವರನ್ನು ಬೈಯುತ್ತ ಕೂತ. ಅವರೂ ಬೈಸಿಕೊಂಡರು, ಅವನಿಗಾಗಿ. ಮಾತ್ರೆ ಬದಲಿಸಿದ್ದೇವೆ, ಇನ್ನೂ ಬದಲಿಸುತ್ತೇವೆ. ವಾರವಾರವೂ ಹೋಗಿ ಅವನ ಪಾದ ಒತ್ತಿ ನೋಡಿ, ಎದೆಗೆ ಕಿವಿಗೊಟ್ಟು ಬರುತ್ತಿದ್ದೆ. ನನ್ನ ಕೈಲಾಗುವುದು ಅಷ್ಟೇ, ಇಂಗುನ್.

ನಿನ್ನ ಮಂಡಿ ಬೇಗ ಗಟ್ಟಿಯಾಗಲಿ. ನಿನ್ನ ಮೊಮ್ಮಗಳು ಹುಟ್ಟಿದ ಮನೆಯಲ್ಲಿ ಬೆಳಕಿರಲಿ, ಅವಳನ್ನು ಎತ್ತಿಕೊಳ್ಳುವಷ್ಟು ಶಕ್ತಿ ನಿನ್ನ ತೋಳಿನಲ್ಲಿ ಬಹುಕಾಲ ಇರಲಿ.

ನಿನ್ನ
ಗ್ರೇತೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಕಳೆದ ವಾರ ಆಸ್ಗರ್ ಫೋನ್ ಮಾಡಿದ್ದ. ಹವೆ, ಸೇಬು, ಪಕ್ಕದ ಮನೆಯ ನಾಯಿ ಎಂದು ಸುತ್ತುಬಳಸಿ ಕೊನೆಗೆ ಹೇಳಿದ: "ಅಕ್ಕ, ಬೇಜಾರ್ ಮಾಡ್ಕೋಬೇಡ. ಇನ್ಮೇಲೆ ಶನಿವಾರ ಬರ್ಬೇಡ. ವಿಬೆಕೆ ನನ್ನ ನೋಡಿದ್ರೆ ನಾನು ಕಾಣ್ತೀನಿ. ನೀನು ನೋಡಿದ್ರೆ, ನಾನು ಆಗ್ಲೇ ಹೋಗಿರೋ ಹಂಗೆ ನೋಡ್ತೀಯ." ಹಾಗಿಲ್ಲವೆಂದು ಹೇಳಬೇಕೆಂದು ಬಾಯಿ ತೆರೆದೆ. ಆಗಲಿ ಎಂದುಬಿಟ್ಟೆ.