ಚೈತಾಲಿಯ ಆಟ ಮುಗಿದ ಮೇಲೆ ಬಂದ ಚಿತ್ರ

ಕಾಪು, ಡಿಸೆಂಬರ್ 14, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಮಗಳು ಚೈತಾಲಿಯ ಕಬಡ್ಡಿ ಮೊದಲ ಸಲ ಟಿವಿಯಲ್ಲಿ ಬರುವ ದಿನವೇ ಪರದೆಯ ಮೇಲೆ "ನೋ ಸಿಗ್ನಲ್". ಮಧ್ಯಾಹ್ನ ನಮ್ಮ ಯಜಮಾನರೇ ಟಿವಿಗೆ ಪೆನ್‌ಡ್ರೈವ್ ಹಾಕಿ ಯಕ್ಷಗಾನ ನೋಡಿದ್ದರು. ಸೆಟ್‌ಟಾಪ್ ಬಾಕ್ಸಿನ ಹಸಿರು ದೀಪ ಸರಿಯಾಗಿಯೇ ಉರಿಯುತ್ತಿತ್ತು.

"ಟಿವಿ ಇನ್ನೂ ಪೆನ್‌ಡ್ರೈವ್‌ನಲ್ಲೇ ಇರಬೇಕು, ಸೋರ್ಸ್ ಬದಲಿಸಿ ಬಾಕ್ಸಿಗೆ ತರಬೇಕು, ರಿಮೋಟ್ ಕೊಡಿ" ಅಂದೆ.

"ನಿನಗೆ ಎಂತ ಗೊತ್ತುಂಟು? ಸುಮ್ಮನೆ ಕೂತ್ಕೋ."

ಹಿಂದಿನ ವಯರುಗಳನ್ನೆಲ್ಲ ಕಿತ್ತು, ಊದಿ, ಮತ್ತೆ ಚುಚ್ಚಿದರು. ಬಾಕ್ಸಿನ ತಲೆಗೂ ಬಡಿದರು. ಕೊನೆಗೆ ಕೇಬಲ್‌ನ ರೋಶನನಿಗೆ ಫೋನ್ ಮಾಡಿದರು.

"ವಿಠಲಣ್ಣ, ರಿಮೋಟಿನಲ್ಲಿ ಸೋರ್ಸ್ ಒತ್ತಿ ನೋಡಿ" ಅಂದ.

ಅವನು ಹೇಳಿದ ಕೂಡಲೇ ಒತ್ತಿದರು. ಚಿತ್ರ ಬಂತು. ಹುಡುಗಿಯರು ಕೈಕುಲುಕಿ ಅಂಗಣದಿಂದ ಹೊರಗೆ ಹೋಗುತ್ತಿದ್ದರು. ಗೆದ್ದರೋ ಸೋತರೋ, ಅದೂ ತಿಳಿಯಲಿಲ್ಲ.

ಆಮೇಲೆ ಮಗಳ ಫೋನ್ ಬಂದಾಗ ಇವರು, "ಎಲ್ಲಾ ನೋಡಿದೆವು ಮಗಾ, ಭಾರೀ ಲಾಯ್ಕ್ ಆಡಿದ್ದಿ" ಅಂದುಬಿಟ್ಟರು. ನಾನು ಫೋನ್ ಕಸಿದುಕೊಂಡು, "ಒಂದು ರೈಡೂ ನೋಡಲಿಲ್ಲ" ಅಂದೆ.

"ಔಟಾಗಿ ಕೂತಾಗೆಲ್ಲ ಕ್ಯಾಮೆರಾ ಕಡೆಗೇ ನೋಡ್ತಾ ಇದ್ದೆ ಅಮ್ಮ. ನಿಮಗೆ ಕಾಣಲಿ ಅಂತ."

ಇವರಿಗೆ ಆಗಲೇ ನಿದ್ದೆ ಬಂದಿದೆ. ಅದು ಹೇಗೆ ಬರುತ್ತದೋ.